ದೋಣಿಕಟ್ಟೆಯ ಹೆಂಗಸು

ನಾಡಿಯಾ ಫ್ಯಾರೆಲ್ ಪತ್ರಿಕೆಯನ್ನು ಮೇಜಿನ ಮೇಲೆ ಬಡಿದ ರಭಸಕ್ಕೆ ಲೇಲಂಡ್ ಹಾಗನ್‌ನ ಕಾಫಿ ತುಳುಕಿತು.

"ಇದನ್ನ ನಾನು ಬರೆದಿಲ್ಲ! ಒಂದಕ್ಷರಾನೂ ನನ್ನದಲ್ಲ. ಕೆಳಗಿರೋ ಹೆಸರು ಮಾತ್ರ ನಂದು!"

ಡುಲೂತ್ ಊರಿನ ಸರೋವರದ ದಂಡೆಯಲ್ಲಿರುವ ಆಲ್ಮಾ ಕೋಸ್ಕಿಯ ಹಳೆ ಪುಸ್ತಕದಂಗಡಿಗೆ ಇಂಥ ಗಿರಾಕಿಗಳು ಹೊಸಬರಲ್ಲ. ಊರಲ್ಲಿ ಯಾರ ಮಾನ ಹೋದರೂ ಜನ ಪೊಲೀಸರಿಗಿಂತ ಮೊದಲು ಈ ಎಪ್ಪತ್ತರ ಮುದುಕಿಯ ಬಳಿ ಓಡಿಬರುತ್ತಿದ್ದರು. ನಿವೃತ್ತ ಅಂಚೆಯವ ಲೇಲಂಡ್ ಹನ್ನೊಂದು ವರ್ಷದಿಂದ ಅವಳ ನೆರಳು. ತಲೆ ಅವಳದು, ಕಾಲು ಇವನದು ಎಂದು ಊರು ನಗುತ್ತಿತ್ತು. ಅವನಿಗೆ ಅದರಿಂದ ಬೇಸರವೇನೂ ಇರಲಿಲ್ಲ.

'ಗ್ರೇ ಲೂನ್' ಪುಟ್ಟ ಕಾವ್ಯಪತ್ರಿಕೆ. ಚಂದಾದಾರರು ನಾನ್ನೂರು, ಅವರಲ್ಲಿ ಮುನ್ನೂರೈವತ್ತು ಮಂದಿ ತಾವೇ ಕವಿಗಳು. ಹೊಸ ಸಂಚಿಕೆಯಲ್ಲಿ ನಾಡಿಯಾಳ ಹೆಸರಿನಲ್ಲಿ ರೂತ್ ಆಮ್ಡಾಲ್‌ಳ ಕವನಸಂಕಲನದ ವಿಮರ್ಶೆ ಬಂದಿತ್ತು. ವಿಮರ್ಶೆಯಲ್ಲ ಅದು, ಚರ್ಮ ಸುಲಿಯುವ ಕೆಲಸ. "ಕೊನೆಗೆ ದೋಣಿಕಟ್ಟೆಯ ಮೇಲೆ ಕಾಯುತ್ತ ನಿಂತ ಹೆಂಗಸಿನ ಗೋಳಿನಲ್ಲಿ ಪುಸ್ತಕವೇ ಮುಳುಗಿಹೋಗುತ್ತದೆ" ಎಂದು ಮುಗಿದಿತ್ತು.

"ನಂಗೆ ಬರೆಯೋದು ಕಲಿಸಿದ್ದೇ ರೂತ್," ಎಂದಳು ನಾಡಿಯಾ. "ಮೂರು ಪತ್ರ ಹಾಕಿದೆ, ಒಡೀದೇ ವಾಪಸ್ ಕಳಿಸಿದ್ರು. ಶುಕ್ರವಾರ ಅವರಿಗೆ ಹೃದಯದ ಆಪರೇಷನ್. ಇದನ್ನ ನಂಬ್ಕೊಂಡೇ ಅವರು ಹೋಗ್ಬಿಟ್ರೆ?"

ಅಂದು ಮಂಗಳವಾರ. ಆಲ್ಮಾ ಕೋಟು ತೊಟ್ಟಳು.

ಪತ್ರಿಕೆಯ ಕಚೇರಿಯಲ್ಲಿ ಇದ್ದವರು ಮೂವರೇ. ಸಂಪಾದಕಿ ಹ್ಯಾರಿಯೆಟ್ ಸ್ಟ್ರೌಡ್‌ಳ ಕಣ್ಣು ಅತ್ತು ಕೆಂಪಾಗಿತ್ತು. "ನಾಡಿಯಾ ಮೊದಲು ಕಳಿಸಿದ್ದರಲ್ಲಿ ಹೊಗಳಿಕೆನೇ ಇತ್ತು. ಅಚ್ಚಿಗೆ ಹೋಗೋ ಮುಂಚೆ ನಾನು ಮತ್ತೆ ನೋಡ್ಲಿಲ್ಲ. ಆದ್ರೆ ಆಮೇಲೆ ಅವಳೇ ಬದಲಾಯಿಸಿಲ್ಲ ಅಂತ ಹೇಗೆ ಹೇಳ್ಲಿ? ಪಾಸ್‌ವರ್ಡ್ ಗೋಡೆ ಮೇಲೇ ಅಂಟಿಸಿದೆ, ಎಲ್ರಿಗೂ ಗೊತ್ತು."

ಪುಟ ಜೋಡಿಸುವ ಬ್ರೆಂಟ್ ಟೋಲೆ ಭುಜ ಹಾರಿಸಿದ. "ಕಂಪ್ಯೂಟರಲ್ಲಿ ಏನಿದ್ಯೋ ಅದನ್ನ ಪುಟಕ್ಕೆ ಕೂರಿಸ್ತೀನಿ. ಕವಿತೆ ಓದೋ ಚಟ ನಂಗಿಲ್ಲಪ್ಪ."

ಕವಿತೆಗಳನ್ನು ಆರಿಸುವ ಎಲ್ಲಿಸ್ ವೇಡ್, ಅರವತ್ತರ ಗಂಭೀರ ಮನುಷ್ಯ, ತಲೆಯನ್ನೇ ಎತ್ತಲಿಲ್ಲ. "ರೂತಳ ಪುಸ್ತಕಾನಾ? ಮುಟ್ಟೂ ಇಲ್ಲ. ಮೂವತ್ತು ವರ್ಷದಿಂದ ಅವಳ ಒಂದು ಸಾಲೂ ಓದಿಲ್ಲ."

ಮರುದಿನ ಬೆಳಿಗ್ಗೆ ಲೇಲಂಡ್ ಅಂಗಡಿಯಲ್ಲಿ ಕೂತು ರೂತಳ ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ಓದಿದ. ಓದಿ ಮುಗಿಸಿ ತಲೆ ಕೆರೆದುಕೊಂಡ.

"ಆಲ್ಮಾ, ಇದರಲ್ಲಿ ದೋಣಿಕಟ್ಟೆನೇ ಇಲ್ವಲ್ಲ! ಕೊನೇ ಕವಿತೆ ಹಿಮ ಸರಿಸೋದರ ಬಗ್ಗೆ."

ಆಲ್ಮಾ ಅವನ ಕೈಯಿಂದ ಪುಸ್ತಕ ಕಿತ್ತುಕೊಂಡಳು. ನಾಡಿಯಾಳಿಗೆ ಫೋನ್ ಹೋಯಿತು. "ನೀನು ಓದಿದ್ದು ಯಾವ ಪ್ರತಿ?"

"ಅಂಗಡೀಲಿ ಸಿಗೋದೇ. ರೂತ್ ಸಹಿ ಹಾಕಿ ಕೊಟ್ಟಿದ್ರು."

ಆಲ್ಮಾ ಫೋನ್ ಇಟ್ಟು ಲೇಲಂಡ್‌ನತ್ತ ತಿರುಗಿದಳು. "ಇದನ್ನ ಅಚ್ಚು ಹಾಕಿದೋರ ಹತ್ರ ಹೋಗು. ಪುಸ್ತಕ ಹೊರಗೆ ಬರೋ ಮೊದಲು ವಿಮರ್ಶಕರಿಗೆ ಅಂತ ಒರಟು ಕಾಗದದ ಮುಂಗಡ ಪ್ರತಿ ಕಳಿಸ್ತಾರೆ. ಅದು ಬೇಕು. ಆಮೇಲೆ ನಾಳೆ ರೂತ್‌ನ ಕರ್ಕೊಂಡು ಬರ್ಬೇಕು."

"ಅವಳು ಯಾರಿಗೂ ಬಾಗಿಲು ತೆಗೀತಿಲ್ಲ."

"ಇಪ್ಪತ್ತು ವರ್ಷ ಟಪಾಲು ಕೊಟ್ಟೋನಿಗೆ ತೆಗೀತಾಳೆ."

ತೆಗೆದಳು. ಮುಂಗಡ ಪ್ರತಿಯೂ ಸಿಕ್ಕಿತು. ಗುರುವಾರ ಮಧ್ಯಾಹ್ನ ಪತ್ರಿಕೆಯ ಕಚೇರಿಯಲ್ಲಿ ಎಲ್ಲರೂ ಸೇರಿದರು. ಬಿಳಿಚಿಕೊಂಡ ರೂತ್ ಕಿಟಕಿಯ ಬಳಿ ಕೂತಿದ್ದಳು. ನಾಡಿಯಾಳ ಕಡೆಗೆ ಒಮ್ಮೆಯೂ ನೋಡಲಿಲ್ಲ.

"ಕೊನೇ ಕವಿತೆಯಿಂದ ಶುರು ಮಾಡೋಣ," ಎಂದು ಆಲ್ಮಾ ಕಣ್ಣು ಮುಚ್ಚಿ ನೆನಪಿನಿಂದ ಹೇಳತೊಡಗಿದಳು. "ಕಟ್ಟೆಯ ಮೇಲೆ ನಿಂತಿದ್ದೆ ನಾನು, ಕೈಯಲ್ಲಿ ಲಾಟೀನು, ಮಂಜಿನಾಚೆ ಯಾವ ದೋಣಿಯೂ..."

"ಲಾಟೀನಲ್ಲ," ಎಂದ ಎಲ್ಲಿಸ್ ಸಿಡುಕಿ. "ಬಕೆಟ್ಟು. ಬ್ಲೂಬೆರಿ ತುಂಬಿದ ಬಕೆಟ್ಟು. ಲಾಟೀನು ಹಾಕಿದ್ರೆ ಸಾಲೇ ಸತ್ತುಹೋಗುತ್ತೆ."

ಆಲ್ಮಾ ಕಣ್ಣು ತೆರೆದಳು.

"ಸಾಲು ತಪ್ಪಾದ್ರೆ ಕವಿತೆ ಆರಿಸೋನ ನಾಲಿಗೆ ಸುಮ್ನಿರಲ್ಲ ಅಂತ ಗೊತ್ತಿತ್ತು, ಎಲ್ಲಿಸ್. ಅಂಗಡೀಲಿ ಸಿಗೋ ಪುಸ್ತಕದಲ್ಲಿ ಈ ಕವಿತೆನೇ ಇಲ್ಲ. ವಿಮರ್ಶೇಲಿ ಕಟ್ಟೆ ಇದೆ, ಬಕೆಟ್ಟಿಲ್ಲ. ಬಕೆಟ್ಟಿರೋದು ಮುಂಗಡ ಪ್ರತೀಲಿ ಮಾತ್ರ. ಅಂಥಾದ್ದೊಂದು ಮೇ ತಿಂಗಳಲ್ಲಿ ಈ ಕಚೇರಿಗೆ ಬಂದಿತ್ತು. ಒಂದು ಸಾಲೂ ಓದಿಲ್ಲ ಅಂದ ನಿಂಗೆ ಬಾಯಿಪಾಠ ಬರುತ್ತೆ. ಅಚ್ಚಾದ ಪುಸ್ತಕಾನೇ ಓದಿದ ನಾಡಿಯಾಗೆ ಆ ಕಟ್ಟೆ ಗೊತ್ತಿರೋಕೆ ದಾರಿನೇ ಇಲ್ಲ."

ಎಲ್ಲಿಸ್‌ನ ಮುಖ ಸುಣ್ಣದಂತಾಯಿತು. ಅವನು ರೂತಳ ಕಡೆ ತಿರುಗಿ ಸಿಡಿದ. "ಅವತ್ತು ಕಟ್ಟೆಗೆ ಬರ್ತೀನಿ ಅಂತ ಹೇಳಿ ಬಾರದೇ ಹೋದ ಹೇಡಿ ನಾನು, ಅಲ್ವಾ! ಹಾಗೆ ಬರೆದು ನನ್ನ ಊರ ಮುಂದೆ ನಿಲ್ಲಿಸೋಕೆ ಹೊರಟಿದ್ದೆ ನೀನು. ಅದೂ ಇಷ್ಟು ವರ್ಷದ ಮೇಲೆ!"

"ಅದಕ್ಕೇ ತೆಗೆಸಿದೆ," ಎಂದಳು ರೂತ್. "ನಿಂಗೆ ನೋವಾಗುತ್ತೆ ಅಂತ. ಇಡೀ ಪುಸ್ತಕದಲ್ಲಿ ಒಳ್ಳೇ ಕವಿತೆ ಅದೊಂದೇ ಕಣೋ. ಅಚ್ಚಿನೋರು ಬೈದ್ರು, ಆದ್ರೂ ತೆಗೆಸಿದೆ."

ಆಲ್ಮಾ ಅಂಗಡಿಯ ಪ್ರತಿಯನ್ನು ಅವನ ಮುಂದೆ ಸರಿಸಿದಳು. ಎಲ್ಲಿಸ್ ಕೊನೆಯ ಪುಟ ತಿರುವಿದ, ಮತ್ತೆ ಹಿಂದಕ್ಕೆ ತಿರುವಿದ, ಮತ್ತೆ ಕೊನೆಗೆ ಬಂದ. ಆಮೇಲೆ ಕೋಟು ಬಿಟ್ಟೇ ಎದ್ದು ಹೊರಗೆ ನಡೆದ. ಲೇಲಂಡ್‌ಗೆ ಅವನ ಮೇಲೆ ಸಿಟ್ಟೂ ಬಂತು, ಮರುಕವೂ ಆಯಿತು.

ಆಗ ರೂತ್ ನಾಡಿಯಾಳತ್ತ ನೋಡಿದಳು. "ನೀನು ಬರೆದಿದ್ದು ಎಲ್ಲಿ?"

ನಾಡಿಯಾ ಕೋಟಿನ ಜೇಬಿನಿಂದ ಮಡಿಸಿ ಮಡಿಸಿ ಸವೆದ ಹಾಳೆ ತೆಗೆದು ಓದಿದಳು. ಅರ್ಧಕ್ಕೆ ಬಂದಾಗ ರೂತ್ ಕೈ ಎತ್ತಿದಳು.

"ಅಲ್ಲಿ ಸುಳ್ಳು ಹೊಗಳಿದೀಯ. ನಾನು ಕಲಿಸಿದ್ದು ಹಾಗಲ್ಲ."

ನಾಡಿಯಾ ಅಳುತ್ತಲೇ ನಕ್ಕಳು. "ತಿದ್ತೀನಿ."

"ತಿದ್ದಿಕೊಂಡು ಆಸ್ಪತ್ರೆಗೆ ತಗೊಂಡು ಬಾ," ಎಂದಳು ರೂತ್. "ನಾಳೆ ನಂಗೆ ಎಚ್ಚರ ಆದಾಗ ಉಳಿದರ್ಧ ಓದುವಂತೆ."