ಕ್ಲಾರಿಯ ಸಿಳ್ಳು

ಬ್ರೋಕನ್ ಹಿಲ್ ಆಚೆಯ ನಮ್ಮ ಕಡೆ ಜನವರಿ ಎಂದರೆ ಸುಡುಬೇಸಿಗೆ, ಮಧ್ಯಾಹ್ನ ಯಾರೂ ಹೊರಗೆ ತಲೆ ಹಾಕುವುದಿಲ್ಲ; ದೆವ್ವವೂ ಹಾಕಲಾರದು ಎಂದುಕೊಂಡಿದ್ದೆ.

ಪಕ್ಕದ ಕುರಿ ಫಾರ್ಮಿನ ಕ್ಲಾರಿ ತೀರಿಕೊಂಡ ಮೇಲೆ ಅವನ ಹೆಂಡತಿ ಮೆರ್ಲ್ ಅವನ ರೈಫಲ್ಲಿನಲ್ಲಿ ಗುಂಡು ಹಾರಿ ಉಳಿದ ಖಾಲಿ ಹಿತ್ತಾಳೆ ತೋಟಾಗಳನ್ನೂ ನಾಯಿ ಟಿಂಕರನ್ನೂ ನನಗೆ ಕೊಟ್ಟಿದ್ದಳು. ಖಾಲಿ ತೋಟಾದ ಬಾಯಿಗೆ ತುಟಿಯಿಟ್ಟು ಕ್ಲಾರಿ ಸಿಳ್ಳು ಹಾಕಿದರೆ ಆ ನಾಯಿ ಎಲ್ಲಿದ್ದರೂ ಓಡಿ ಬರುತ್ತಿತ್ತು. ಈಗ ಊಟ ಬಿಟ್ಟು ಎಲುಬಿನ ಹಂದರವಾಗಿತ್ತು.

ನನ್ನ ನರಿ ಹೊಡೆಯುವ ರೈಫಲ್ಲಿಗೆ ಸಣ್ಣ ಗುಂಡು ಬೇಕು. ಅದಕ್ಕೇ ಕ್ಲಾರಿಯ ತೋಟಾಗಳ ಕತ್ತು ಕಾಯಿಸಿ, ಅಚ್ಚಿಗೆ ಒತ್ತಿ ಕಿರಿದು ಮಾಡಿದೆ. ತಳದಲ್ಲಿ ಮದ್ದು ಹೊತ್ತಿಸುವ ಸುಟ್ಟ ಕೇಪನ್ನೂ ತೆಗೆದೆ. ಒಂದನ್ನೂ ಬಿಡಲಿಲ್ಲ. ತೊಳೆದು ತಗಡಿನ ಮೇಲೆ ಬಿಸಿಲಿಗೆ ಹರವಿದೆ.

ಆಗ ಬೇಲಿಯ ಕಡೆಯಿಂದ ಆ ಸಿಳ್ಳು ಕೇಳಿತು. ಟಿಂಕರ್ ಎದ್ದು ಓಡಿತು. ಬೇಲಿಯ ಬಳಿ ಕೂತು ಮುಖ ಮೇಲೆತ್ತಿತು. ಯಾರೋ ಅಂಗೈಯಲ್ಲಿ ಸವರಿದಂತೆ ಅದರ ಕಿವಿಗಳು ಮತ್ತೆ ಮತ್ತೆ ಹಿಂದಕ್ಕೆ ಮಡಚಿಕೊಂಡವು.

ನಾಯಿಗೆ ಮಾಂಸ ತಂದಿದ್ದ ಮೆರ್ಲ್ ಕಾರಿನಿಂದ ಇಳಿಯುತ್ತಲೇ ಗದರಿದಳು: “ನಿಂಗೇನ್ ಹುಡುಗಾಟನಾ? ಥೇಟ್ ಅವನ ಹಾಗೇ ಊದ್ತೀಯಲ್ಲ, ಜೀವ ಬಾಯಿಗೆ ಬಂತು ನಂಗೆ!”

“ಊದೋಕೆ ಏನುಳಿದಿದೆ, ಮೆರ್ಲ್? ತಳಾನೇ ತೂತು ನೋಡು” ಎಂದು ಒಂದನ್ನು ಊದಿ ತೋರಿಸಿದೆ. ಬರೀ ಉಸಿರು. ಅದನ್ನು ಜೇಬಿಗೆ ಹಾಕಿಕೊಂಡೆ.

ಅವಳು ಬೇಲಿಯತ್ತ ನೋಡಿದಳು. “ಹಾಳು ಮುದುಕ, ಬದುಕಿದ್ದಾಗ ಊಟದ ಹೊತ್ತಿಗೆ ಒಂದ್ ದಿನಾನೂ ಬರ್ಲಿಲ್ಲ” ಎಂದು ಮಾಂಸದ ಡಬ್ಬಿಯನ್ನು ಬೇಲಿಯ ಬುಡದಲ್ಲೇ ಇಟ್ಟಳು. ಟಿಂಕರ್ ತಿಂದಿತು.

ಅವಳು ಹೋದ ಮೇಲೆ ತೋಟಾಗಳನ್ನು ಎತ್ತಿದೆ. ಎಲ್ಲವೂ ಕಾದು ಕೈ ಸುಡುತ್ತಿದ್ದವು. ಒಂದು ಮಾತ್ರ ತಣ್ಣಗಿತ್ತು. ಅದರ ಬಾಯಿ ಎಂಜಲಿನಿಂದ ಒದ್ದೆಯಾಗಿತ್ತು.

ನಾನು ಊದಿ ತೋರಿಸಿದ್ದು ಇನ್ನೂ ನನ್ನ ಜೇಬಿನಲ್ಲೇ ಇತ್ತು.