ಯಾರೂ ನಗದ ಪಾತ್ರ

"ಮೊದಲು ಆ ಮೂಗು ತೆಗೀರಿ!"

ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ಅಂಗೈಗೆ ತೆಗೆದುಕೊಂಡು ಅವಳು ಸಿಡುಕಿದಳು. ಅಳತೆ ಕೊಡಲು ಬಂದಿದ್ದವನು ಬೆಚ್ಚಿಬಿದ್ದ. ಅವನ ಮುಖದ ಮೇಲೆ ಗಿಣಿಯ ಕೊಕ್ಕಿನಂಥ ರಬ್ಬರ್ ಮೂಗು!

"ಯೆಹೂದಿ ಮುದುಕನ ಪಾತ್ರ ನಂದು... ನಿರ್ದೇಶಕರೇ ಕೊಟ್ರು ಇದನ್ನ."

"ನಾನೂ ಯೆಹೂದಿ. ನೋಡಿ, ನನ್ನ ಮೂಗು ಹೀಗಿದೆಯಾ?"

ಅವನು ನೋಡಿದ. ನೋಡಬೇಕಾದ್ದಕ್ಕಿಂತ ತುಸು ಹೆಚ್ಚು ಹೊತ್ತೇ ನೋಡಿದ.

"ಇಲ್ಲ... ಚೆನ್ನಾಗಿದೆ," ಎಂದವನ ಕಿವಿ ಕೆಂಪಾಯಿತು.

ಅವನು ತಂಡದ ಮುಖ್ಯ ನಟ. ಕಂಠ ಕಂಚಿನದೆಂದು ಎಲ್ಲರೂ 'ಕಂಚು' ಅನ್ನುತ್ತಿದ್ದರು. ಅವಳು ವೇಷಗಳನ್ನು ಹೊಲಿಯುವವಳು. ಕೆಲಸಕ್ಕೂ ನಾಲಿಗೆಗೂ ಸೇರಿಸಿ ಇಟ್ಟ ಹೆಸರು 'ಸೂಜಿ'.

ನಾಟಕ ನೂರಾರು ವರ್ಷ ಹಳೆಯದು. ಕ್ರೈಸ್ತ ವ್ಯಾಪಾರಿಯೊಬ್ಬ ಯೆಹೂದಿ ಮುದುಕನ ಮೇಲೆ ಉಗುಳುತ್ತಾನೆ. ಮುದುಕ ಸೇಡಿಗೆ ನಿಲ್ಲುತ್ತಾನೆ, ನ್ಯಾಯಾಲಯದಲ್ಲಿ ಸೋಲುತ್ತಾನೆ, ಕೊನೆಗೆ ಧರ್ಮವನ್ನೇ ಬಿಡಬೇಕಾಗುತ್ತದೆ. ಅವನ ಮಗಳೂ ಕ್ರೈಸ್ತ ಹುಡುಗನಿಗಾಗಿ ಅಪ್ಪನನ್ನೂ ಧರ್ಮವನ್ನೂ ತೊರೆದು ಹೋಗುತ್ತಾಳೆ. ತಲೆತಲಾಂತರದಿಂದ ಜನ ಆ ಮುದುಕನನ್ನು ನೋಡಿ ನಕ್ಕಿದ್ದೇ ನಕ್ಕಿದ್ದು.

ಮರುದಿನ ಕಂಚು ಮೂಗಿಲ್ಲದೆ ಬಂದ.

"ಚಿಕ್ಕಂದಿನಿಂದ ನಮ್ಮ ಮನೇಲಿ ನಿಮ್ಮವರ ಬಗ್ಗೆ ಏನು ಕೇಳಿದ್ನೋ ಅದನ್ನೇ ನಂಬಿದ್ದೆ. ನಾನು ಕ್ರಿಶ್ಚಿಯನ್. ನನಗೆ ಕಲಿಸ್ತೀರಾ?"

ಅವಳು ಅವನನ್ನು ಅಪ್ಪನ ದರ್ಜಿ ಅಂಗಡಿಗೆ ಕರೆದೊಯ್ದಳು. ವಿಷಯ ಕೇಳಿ ಅಪ್ಪ ಜೋರಾಗಿ ನಕ್ಕರು.

"ಮುದುಕ ಆಗೋದನ್ನ ಕಲೀಬೇಕೇನಪ್ಪಾ? ಸುಮ್ನೆ ಕಾದ್ರೆ ತಾನಾಗೇ ಬರುತ್ತೆ!"

ಮೂರು ವಾರ ಅವನು ದಿನವೂ ಬಂದ. ಇಸ್ತ್ರಿ ಮೇಜಿನ ಪಕ್ಕ ಕೂತು ಕಾಜ ಹೊಲಿಯಲು ಕಲಿತ. ನಲವತ್ತು ವರ್ಷ ಹೊಲಿಗೆ ಮಿಷನ್ನಿಗೆ ಬಾಗಿ ಅಪ್ಪನ ಬಲಭುಜ ಇಳಿದಿದ್ದನ್ನು ಗಮನಿಸಿದ. ಒಂದು ಸಂಜೆ ಅಪ್ಪ ಮಗಳಿಗೂ ಹೇಳದ ಮಾತೊಂದನ್ನು ಅವರಿಬ್ಬರ ಮುಂದೆ ಹೇಳಿದರು.

"ನಮ್ಮ ಧರ್ಮದವರು ಹಾಕೋ ಟೋಪಿ ಇದ್ಯಲ್ಲ, ಸ್ಕೂಲಲ್ಲಿ ಅದನ್ನ ಕಿತ್ಕೊಂಡು ಎಸೆದಾಡೋರು. ನಾನೂ ಅವರ ಜೊತೆ ನಗ್ತಿದ್ದೆ... ನಗದೇ ಇದ್ರೆ ಹೊಡೀತಿದ್ರು."

ಕಂಚು ತಲೆ ತಗ್ಗಿಸಿದ. ಅವನ ಕಣ್ಣಲ್ಲಿ ನೀರು ಕಂಡು ಅವಳ ಕೈಯ ದಾರ ತೊಡಕಾಯಿತು.

'ಅಯ್ಯೋ... ಇದೇನಾಗ್ತಿದೆ ನನಗೆ?'

ಆದರೆ ಆ ಖುಷಿ ಉಳಿದದ್ದು ನಾಲ್ಕೇ ದಿನ!

ಸಿದ್ಧವಾದ ನಿಲುವಂಗಿ ಹಿಡಿದು ಅವಳು ತಾಲೀಮಿಗೆ ಹೋದಾಗ ಒಳಗೆ ನಗುವೋ ನಗು. ವೇದಿಕೆಯ ಮೇಲೆ ಕಂಚು, ಅಪ್ಪನಂತೆಯೇ ಭುಜ ಇಳಿಬಿಟ್ಟು ನಿಂತಿದ್ದಾನೆ. ಉಳಿದ ನಟರು ಅವನ ಟೋಪಿ ಕಿತ್ತು ಎಸೆದಾಡುತ್ತಿದ್ದಾರೆ. ಅವನೂ ನಗುತ್ತಿದ್ದಾನೆ!

'ಅಪ್ಪನ ಗುಟ್ಟು... ಇವನಿಗೆ ತಮಾಷೆಯಾ?'

ನಿಲುವಂಗಿಯನ್ನು ಕುರ್ಚಿಯ ಮೇಲೆ ಎಸೆದು ಅವಳು ಹೊರಟೇಬಿಟ್ಟಳು. ಅವನು ಹಿಂದೆಯೇ ಓಡಿ ಬಂದ. ಅವಳು ತಿರುಗಿಯೂ ನೋಡಲಿಲ್ಲ.

ಅಂಗಡಿಯಲ್ಲಿ ಅವಳ ಅತ್ತು ಕೆಂಪಾದ ಕಣ್ಣು ನೋಡಿ, ನಡೆದದ್ದನ್ನು ಕೇಳಿ ಅಪ್ಪ ಕತ್ತರಿ ಕೆಳಗಿಟ್ಟರು.

"ಆ ಟೋಪಿ ಕಥೇನ ನಾಟಕಕ್ಕೆ ನಾನೇ ಕೊಟ್ಟೆ ಮಗಳೇ. ಅವನು ಬಂದು ಕೇಳ್ದ. ಐವತ್ತು ವರ್ಷ ಒಬ್ಬನೇ ಹೊತ್ತಿದ್ದೆ, 'ಸ್ವಲ್ಪ ನಾನು ಹೊರ್ತೀನಿ' ಅಂದ. ಭಾನುವಾರ ನಾಟಕ ನೋಡೋಣ ನಡಿ. ಆಮೇಲೆ ಎಷ್ಟು ಬೇಕಾದ್ರೂ ಬೈಯುವಂತೆ."

ಭಾನುವಾರ ಮಧ್ಯಾಹ್ನ ಸಭಾಂಗಣ ತುಂಬಿತ್ತು. ಟೋಪಿ ಹಾರಿದಾಗ ಜನ ಗೊಳ್ಳೆಂದು ನಕ್ಕರು. ಮುದುಕನೂ ನಕ್ಕ. ಜನರ ನಗು ನಿಂತಿತು, ಅವನದು ನಿಲ್ಲಲಿಲ್ಲ. ನಗುತ್ತಾ ನಗುತ್ತಾ ಅವನ ಕೆನ್ನೆ ಒದ್ದೆಯಾಯಿತು. ಆಮೇಲೆ ಕೊನೆಯ ತನಕ ಒಬ್ಬರೂ ನಗಲಿಲ್ಲ.

ಮೂರನೇ ಸಾಲಿನಲ್ಲಿ ಅಪ್ಪ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದಿದ್ದರು.

ಪರದೆ ಬಿದ್ದ ಮೇಲೆ ವೇಷದ ಕೋಣೆಯಲ್ಲಿ ಅವರಿಬ್ಬರೇ.

"ನನಗೊಂದು ಮಾತು ಹೇಳ್ಬಹುದಿತ್ತಲ್ಲ?" ಎಂದಳು ಅವಳು.

"ತಪ್ಪಾಯ್ತು. ಹೇಳೋಕೆ ಬಂದಾಗೆಲ್ಲ, ನಿಮ್ಮ ಮುಖ ನೋಡಿದ್ರೆ ಬೇರೇನೋ ಹೇಳ್ಬೇಕು ಅನ್ಸೋದು."

"ಏನು?"

ಆ ಕಂಚಿನ ಕಂಠ ಪಿಸುಮಾತಾಯಿತು. "ನಿಮ್ಮನ್ನ ಬಿಟ್ಟಿರೋಕೆ ಆಗಲ್ಲ ಅಂತ."

ಅವಳೂ ಕಾದಿದ್ದುದು ಇದೇ ಮಾತಿಗೆ. ಆದರೂ ಹೇಳಲೇಬೇಕಾದ್ದು ಒಂದಿತ್ತು.

"ಈ ನಾಟಕದ ಮಗಳ ಹಾಗೆ ನಾನು ಅಪ್ಪನ್ನ ಬಿಟ್ಟು ಓಡಿಬರಲ್ಲ. ನನ್ನ ಧರ್ಮಾನೂ ಬಿಡಲ್ಲ."

"ಬಿಡಿ ಅಂತ ಕೇಳಿದ್ರೆ ನಾನು ಇಷ್ಟು ದಿನ ಕಲಿತಿದ್ದೇನು? ನೀವು ನೀವಾಗೇ ಇರಿ. ಸುಲಭ ಅಂತ ಸುಳ್ಳು ಹೇಳಲ್ಲ... ನಮ್ಮಮ್ಮ ಮೂರು ದಿನದಿಂದ ನನ್ನ ಜೊತೆ ಮಾತು ಬಿಟ್ಟಿದ್ದಾರೆ."

"ಅಂದ್ರೆ... ಅಮ್ಮನಿಗೆ ಆಗ್ಲೇ ಹೇಳಿಬಿಟ್ರಾ?"

"ಅಮ್ಮನಿಗೆ ಹೇಳ್ದೆ, ನಿಮ್ಮಪ್ಪನಿಗೂ ಹೇಳ್ದೆ. ಧೈರ್ಯ ಸಾಲದೆ ನಿಮಗೇ ಕೊನೇಲಿ!"

"ಅಪ್ಪ ಏನಂದ್ರು?"

"'ನನ್ನೇನು ಕೇಳ್ತೀಯ, ಸೂಜಿ ಹೋದ ಕಡೆ ದಾರ ಹೋಗುತ್ತೆ' ಅಂದ್ರು."

ಅಳುವಿನ ನಡುವೆಯೇ ಅವಳಿಗೆ ನಗು ಬಂತು.

"ನಾಳೆ ನಿಮ್ಮಮ್ಮನ ಹತ್ರ ಹೋಗೋಣ."

"ಬಾಗಿಲು ತೆಗೀದೇ ಇದ್ರೆ?"

"ಹೊಸ್ತಿಲಲ್ಲೇ ಕೂತಿರ್ತೀನಿ. ನೀನು ಪಕ್ಕದಲ್ಲಿ ಇರ್ತೀಯಲ್ಲ?"

ಆ 'ನೀನು' ಕೇಳಿ ಅವನು ಅವಳ ಎರಡೂ ಕೈ ಹಿಡಿದುಕೊಂಡ.

"ಇರ್ತೀನಿ ಕಣೇ."