ಹನ್ನೆರಡು ಗಂಟೆಯ ಗೇಟು

"ನೀವು ಕನ್ನಡದವರೇನ್ರಿ?" ಎಂದು ಜೂನ್ ತಿಂಗಳ ಒಂದು ಮಧ್ಯಾಹ್ನ ಅನುರಾಧಾ ಕೇಳಿದಾಗ ಗುರುಬಸವ ಎಷ್ಟು ಚೆಂದ ಬೆರಗಾಗಿದ್ದ! ಹುಬ್ಬು ಮೇಲೇರಿಸಿ, "ಅಯ್ಯ, ನೀವೂ ಏನ್ರಿ?" ಅಂದಿದ್ದ. ಆ ಹುಬ್ಬು ನೋಡಿಯೇ ಅವಳ ಮನಸ್ಸು ಜಾರಿತ್ತು.

ಅಬಿಡ್ಸ್‌ನ ಗದ್ದಲದಿಂದ ಎರಡು ಗಲ್ಲಿ ಒಳಗೆ, ಚರ್ಚಿನ ಹಿಂದಿನ ಅಂಗಳದಲ್ಲಿ ಅವಳು ಕಲಿಸುವ ಪುಟ್ಟ ಮಕ್ಕಳ ಶಾಲೆ. ಹನ್ನೆರಡಕ್ಕೆ ಗೇಟಿನಲ್ಲಿ ನಿಂತು, ಕಾರ್ಡಿನಲ್ಲಿ ಫೋಟೊ ಇದ್ದವರ ಕೈಗೇ ಮಗುವಿನ ಕೈ ಒಪ್ಪಿಸಬೇಕು. ಫೋಟೊ ಇಲ್ಲದಿದ್ದರೆ ಸ್ವಂತ ಅಜ್ಜಿಗೂ ಮಗು ಸಿಗದು. ಪಿಂಕಿಯ ಕಾರ್ಡಿನಲ್ಲಿದ್ದದ್ದು ಅವಳ ಕಾಕಾ ಗುರುಬಸವನ ಫೋಟೊ. ಜೀಡಿಮೆಟ್ಲಾದ ಔಷಧ ಕಂಪನಿಯಲ್ಲಿ ಅವನಿಗೆ ಸೆಕೆಂಡ್ ಶಿಫ್ಟ್. ಹಾಗಾಗಿ ನಾಂಪಲ್ಲಿಯ ಮನೆಯಿಂದ ದಿನಾ ಅವನೇ ಬರುತ್ತಿದ್ದ.

ಸುತ್ತ ತೆಲುಗು, ಹಿಂದಿ. ನಡುವೆ ಇವರ ಕನ್ನಡ ಇವರಿಬ್ಬರಿಗೇ.

"ಪಿಂಕಿ ಇವತ್ತು ಅತ್ತಳೇನ್ರಿ, ಟೀಚರ್?"

"ಇಲ್ಲರಿ. ನೀವು ಐದು ಮಿನಿಟ್ ತಡ ಮಾಡಿದ್ರಿ, ನಾನೇ ಅಳಬೇಕಂತ ಮಾಡಿದ್ದೆ."

"ಹಂಗಾದ್ರ ನಾಳೆ ಹತ್ತು ಮಿನಿಟ್ ತಡ ಮಾಡ್ತೀನಿ."

ಮಗುವಿನ ಕೈ ದಾಟಿಸುವಾಗ ಬೆರಳಿಗೆ ಬೆರಳು ತಾಗುತ್ತಿತ್ತು. ತಾಗದ ದಿನ ಅನುರಾಧಾಳಿಗೆ ಊಟ ರುಚಿಸುತ್ತಿರಲಿಲ್ಲ.

ಏಳು ಸಲ ಅವಳು ಗಂಡಿನವರ ಮುಂದೆ ತಲೆ ತಗ್ಗಿಸಿ ಕುಳಿತಿದ್ದಳು. ಏಳು ಸಲವೂ ಅದೇ ಕೊಂಕು: ಚರ್ಚಿನ ಶಾಲೆಯಲ್ಲಿ ಕೆಲಸವೇ, ಹುಡುಗಿ ದೇವರು ದಿಂಡರು ಬಿಟ್ಟಿಲ್ಲ ತಾನೆ? ಇನ್ನು ಯಾರ ಮುಂದೂ ಕೂರುವುದಿಲ್ಲ ಎಂದು ಅಪ್ಪ ವೈಜನಾಥರಿಗೆ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು. ಬಯೋಡೇಟಾ ನೋಡದೆ ಅವಳನ್ನೇ ನೋಡಿದವನು ಇವನೊಬ್ಬ. ಅದಕ್ಕೇ ಯಾರಿಗೂ ಹೇಳದ್ದನ್ನು ಅವನಿಗೆ ಹೇಳಿದ್ದಳು: ಅವ್ವ ತೀರಿಕೊಂಡ ವಾರ ಈ ಚರ್ಚಿನೊಳಗೆ ಒಬ್ಬಳೇ ಹೋಗಿ, ಮೋಂಬತ್ತಿ ಹಚ್ಚಿ, ಮನಸಾರೆ ಅತ್ತದ್ದು.

ನವೆಂಬರಿನಲ್ಲಿ ಒಂದು ದಿನ ಗೇಟಿಗೆ ಇಳಕಲ್ ಸೀರೆಯ ಹಿರಿಯ ಹೆಂಗಸೊಬ್ಬರು ಬಂದರು. ಪಿಂಕಿ "ಆಯಿ!" ಎಂದು ಕುಣಿಯಿತು. ಗುರುಬಸವನ ತಾಯಿ ಗಿರಿಜಾಬಾಯಿ.

"ಕಾರ್ಡಿನಾಗ ನಿಮ್ಮ ಫೋಟೊ ಇಲ್ಲರಿ. ಪಿಂಕಿ ಕಾಕಾಗ ಫೋನ್ ಮಾಡ್ತೀನಿ, ಸಿಟ್ಟಾಗಬ್ಯಾಡ್ರಿ."

"ಸಿಟ್ಯಾಕವ್ವಾ?" ಗಿರಿಜಾಬಾಯಿಯ ಮುಖ ಅರಳಿತು. "ಭಾಳ ಶಿಸ್ತಿನ ಹುಡುಗಿ ಅಂತ ಗುರು ಹೇಳ್ಯಾನ. ನಿಮ್ಮಪ್ಪ ಬಯೋಡೇಟಾ ಕೊಟ್ಟಾಗ ನಾನೇ ಗುರುಗ ಅಂದೆ, ಮನಿಗೆ ಹೋಗಿ ನೋಡಿದ್ರ ಏನ್ ತಿಳೀತೈತಿ? ಪಿಂಕಿನ್ನ ಅದೇ ಶಾಲಿಗೆ ಹಾಕೂಣು, ದಿನಾ ನೋಡು. ಐದು ತಿಂಗಳು ನೋಡಿ ಎಲ್ಲಾ ಹೇಳ್ಯಾನ. ವಿಭೂತಿ ತಪ್ಪಿಸಂಗಿಲ್ಲ, ಯಾರ ಕೂಡನೂ ಹೆಚ್ಚು ನಗಂಗಿಲ್ಲ. ಮೋಂಬತ್ತಿ ಹಚ್ಚಿದ್ದೂ ಹೇಳ್ದ. ತಾಯಿ ಹೋದ ದುಃಖದಾಗ ಹಚ್ಯಾಳ, ಅದನ್ನ ದೊಡ್ಡದು ಮಾಡಬ್ಯಾಡ ಅಂದೆ ನಾನು. ನಮಗ ನೀ ಒಪ್ಪಿಗಿ ಅದೀ."

ಆ ತಾಯಿ ಪ್ರೀತಿಯಿಂದಲೇ ಹೇಳಿದರು. ಜೂನ್‌ನ ಆ ಹುಬ್ಬೂ ನಾಟಕ. ಅಪ್ಪನಿಗೂ ಗೊತ್ತಿತ್ತು. ಎಂಟನೆಯ ಸಲ, ಐದು ತಿಂಗಳುದ್ದಕ್ಕೂ, ಅನುರಾಧಾ ತಲೆ ಎತ್ತಿ ನಗುನಗುತ್ತಾ ಗಂಡಿನವರ ಮುಂದೆ ಕೂತಿದ್ದಳು.

ತಾಯಿ ಶಾಲೆಗೆ ಹೋದದ್ದು ತಿಳಿದು ಗುರುಬಸವ ಏದುಸಿರು ಬಿಡುತ್ತಾ ಬಂದ. ಅವಳ ಮುಖ ನೋಡಿದ್ದೇ ಅವನಿಗೆ ತಿಳಿಯಿತು. ತಾಯಿಯನ್ನೂ ಪಿಂಕಿಯನ್ನೂ ಎದುರಿಗೆ ನಿಂತಿದ್ದ ಆಟೋದಲ್ಲಿ ಕೂರಿಸಿ, ಕಾಯಲು ಹೇಳಿ ಮರಳಿ ಬಂದ.

"ಶುರುವಿನಾಗ ಅಷ್ಟೇರಿ ಅದು. ಆಮ್ಯಾಲ ನನಗ ನೀವು... ದೇವರಾಣಿ, ಹನ್ನೆರಡು ಯಾವಾಗ ಆಗ್ತೈತಿ ಅಂತ ಜೀವ ಹಿಡ್ಕೊಂಡು ಕೂಡ್ತಿದ್ದೆ. ಹೇಳಿದ್ರ ನೀವು ಮಾತು ಬಿಡ್ತೀರಿ ಅಂತ ಹೆದರಿಕಿ."

ಅವನ ಕಣ್ಣು ತುಂಬಿತ್ತು. ಅವಳಿಗೆ ನಂಬಬೇಕು ಅನ್ನಿಸಿತು. ನಂಬಿಬಿಟ್ಟರೆ ಎಷ್ಟು ಸುಲಭ!

"ಶುರುವಿನಾಗ ಅಷ್ಟೇ ಏನು?"

"ಅಷ್ಟೇ."

"ಮೋಂಬತ್ತಿ ಮಾತು ನಿಮ್ಮ ಅವ್ವಗ ಯಾವಾಗ ಹೇಳಿದ್ರಿ?"

ಗುರುಬಸವ ಗೇಟಿನ ಸರಳು ಹಿಡಿದುಕೊಂಡ. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ಹೋದ ವಾರ. ಅವ್ವ ಕೇಳಿದಳು, ಮುಚ್ಚಿಡೂದು ಏನರೆ ಐತೇನು ಅಂತ..."

ಅನುರಾಧಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನನಗ ನೀವಂದ್ರ ಭಾಳ ಪ್ರೀತಿ ಐತ್ರಿ. ಇವತ್ತಿಗೂ ಐತಿ. ಆದರ ಮದುವಿ ಆಗಂಗಿಲ್ಲ. ಹೋಗ್ರಿ, ಇದನ್ನೂ ಮನ್ಯಾಗ ಹೇಳ್ರಿ."

ಆಟೋದಿಂದ ಗಿರಿಜಾಬಾಯಿ ಸಂಭ್ರಮದಿಂದ ಕೂಗಿ ಕೇಳಿದರು, "ಏನಂದಳೋ ಗುರು?"

ಈ ಸಲ ಅವನು ತಾಯಿಗೆ ಏನೂ ಹೇಳಲಿಲ್ಲ.